ಯಾರ ಬೈಕಿನ ರೆಗ್ಯುಲೇಟರ್

ಸ್ವಲ್ಪ ಮೆಲ್ಲ ಮಾತಾಡುವ, ಮಕ್ಕಳು ಮಲಗಿದ್ದಾರೆ. ನಗುವವರು ಈಗಲೇ ನಕ್ಕು ಮುಗಿಸಿ... ಆಮೇಲೆ ನಗು ಬರ್ಲಿಕ್ಕಿಲ್ಲ.

ತೊಂಬತ್ತೆಂಟನೇ ಇಸವಿ. ರಾತ್ರಿ ಹನ್ನೊಂದು. ಗುರುವಾಯನಕೆರೆಯಿಂದ ಅಳದಂಗಡಿ ಕಡೆಗೆ ನನ್ನ ದೊಡ್ಡಮ್ಮನ ಮಗ ಅಝೀಮ್ ಬೈಕ್ ದೂಡಿಕೊಂಡು ನಡೆದು ಬರ್ತಾ ಇದ್ದಾನೆ. ಪೆಟ್ರೋಲ್ ಖಾಲಿ. ಮುಂದೆ ಒಂದು ತಿರುವು. ತಿರುವಿನಲ್ಲಿ ಮಾರ್ಗಕ್ಕೆ ತಾಗಿಕೊಂಡೇ ಒಂದು ಬಾವಿ ಉಂಟು... ಕಟ್ಟೆ ಇಲ್ಲದ್ದು.

ತಡೀರಿ, ಅಲ್ಲಿಗೆ ಬರ್ತೇನೆ. ಮೊದಲು ಬೈಕಿನ ಸಂಗತಿ ಕೇಳಿ, ಇಲ್ಲದಿದ್ರೆ ತಲೆಬುಡ ಗೊತ್ತಾಗುವುದಿಲ್ಲ.

ಅಝೀಮನಿಗೆ ಗುರುವಾಯನಕೆರೆಯ ಬೇಕರಿಯಲ್ಲಿ ಕೆಲಸ. ಬಾಗಿಲು ಹಾಕಿ ಹೊರಡುವಾಗ ದಿನಾ ಕತ್ತಲೆ. ಅವನದ್ದು ಹಳೇ ನೂರು ಸಿಸಿ ಬೈಕ್. ಒಂದೇ ತಿಂಗಳಲ್ಲಿ ಐದು ಹೆಡ್‌ಲೈಟ್ ಬಲ್ಬ್ ಸುಟ್ಟುಹೋಯ್ತು. ಎಕ್ಸಿಲರೇಟರ್ ತಿರುಗಿಸಿದ ಹಾಗೆ ಬೆಳಕು ಏರುವುದು, ಏರುವುದು... 'ಟಪ್'. ಮತ್ತೆ ಕತ್ತಲೆ.

ಮೆಕ್ಯಾನಿಕ್ ವಿಮಲಕುಮಾರ ನೋಡಿ ಹೇಳಿದ್ರು, "ಬಲ್ಬಿನ ತಪ್ಪಲ್ಲ ಮಾರಾಯ. ರೆಗ್ಯುಲೇಟರ್ ಹೋಗಿದೆ. ಇಂಜಿನ್ ಕೊಡುವ ಕರೆಂಟನ್ನು ಹದದಲ್ಲಿ ಹಿಡಿಯುವುದು ಅದು. ಅದು ಸತ್ರೆ ಬಲ್ಬೂ ಸಾಯ್ತದೆ."

ಮೇಜಿನ ಮೇಲೆ ಎರಡು ತಂದಿಟ್ರು. ಒಂದು ಹೊಸದು, ಪಳಪಳ ಹೊಳೆಯುವುದು, ಹೆಸರಿಲ್ಲದ ಕಂಪೆನಿ. ಇನ್ನೊಂದು ಬಣ್ಣ ಮಾಸಿದ್ದು, ಯಾವುದೋ ಬೈಕಿನಿಂದ ಬಿಚ್ಚಿದ್ದು.

"ಹೊಸದು ಒಂದು ಮಳೆಗಾಲ ದಾಟುವುದು ಡೌಟು. ಹಳೆಯದು ಒರಿಜಿನಲ್."

ಅಝೀಮ್ ಮಹಾ ಸಂಶಯದ ಮನುಷ್ಯ. ಬದನೆ ತೆಗೊಳ್ಳುವಾಗಲೂ ಒಂದೊಂದನ್ನೇ ಒತ್ತಿ ನೋಡುವವ. ಹಳೆಯದನ್ನು ತಿರುಗಿಸಿ ನೋಡಿದ. ವಯರ್ ಎಣಿಸಿದ, ನಾಲ್ಕು, ಸರಿ. ಬೈಕಿಗೆ ಸಿಕ್ಕಿಸಿ, ಇಂಜಿನ್ ಕೂಗಿಸಿ, ಮೀಟರ್ ಇಡಿಸಿದ. ಮುಳ್ಳು ಹದದಲ್ಲಿ ನಿಂತದ್ದು ಅಲುಗಲಿಲ್ಲ. ಖುಷಿಯಾಯ್ತು, ಅದನ್ನೇ ಹಾಕಿಸಿಕೊಂಡ. ಎಲ್ಲಾ ಕೇಳಿದ. ಯಾರ ಬೈಕಿನದ್ದು ಅಂತ ಮಾತ್ರ ಕೇಳ್ಲಿಲ್ಲ, ಕತ್ತೆ! ವಿಮಲಣ್ಣನೂ ಹೇಳ್ಲಿಲ್ಲ.

ಇನ್ನೊಂದು ಮಾತು ನೆನಪಿಟ್ಟುಕೊಳ್ಳಿ. ಆ ಬೈಕಿನ ಹೆಡ್‌ಲೈಟ್ ಉರಿಯುವುದು ಇಂಜಿನ್ ಓಡಿದ್ರೆ ಮಾತ್ರ. ಇಂಜಿನ್ ನಿಂತ್ರೆ ಲೈಟಿಲ್ಲ.

ಈಗ ಬಾವಿಯ ಹತ್ತಿರ ಬರುವ.

ಅಮಾವಾಸ್ಯೆಯ ಕತ್ತಲೆ. ತನ್ನ ಕೈ ತನಗೆ ಕಾಣುವುದಿಲ್ಲ. ಚೈನ್ ಶಬ್ದ ಒಂದೇ, 'ಕಿರ್... ಕಿರ್...' ಅಂತ. ಅಷ್ಟರಲ್ಲಿ ಹಿಂದಿನಿಂದ 'ಚಪ್... ಚಪ್...' ಹವಾಯಿ ಚಪ್ಪಲಿ. ಅಝೀಮ್ ಹಾಕಿದ್ದು ಶೂಸ್. ಇವ ನಿಂತ... ಅದೂ ನಿಂತಿತು. ಇವ ನಡೆದ... ಅದೂ.

ಆಮೇಲೆ ಬೈಕ್ ಹಗುರ ಆಯ್ತು. ಯಾರೋ ಹಿಂದಿನಿಂದ ಕೈ ಕೊಟ್ಟು ದೂಡಿದ ಹಾಗೆ.

"ಯಾರದು?"

ಬೈಕಿನ ವೇಗ ಏರಿತು. ಇವ ಓಡಬೇಕಾಯ್ತು.

"ಸಾಕು... ಬಿಡಿ!"

ಬಿಡ್ಲಿಲ್ಲ. ಕಿವಿಯ ಹತ್ತಿರವೇ, ಪಿಸುಮಾತಿನಲ್ಲಿ...

"ಅಣ್ಣಾ... ಸ್ವಲ್ಪ ಪೆಟ್ರೋಲ್ ಉಂಟಾ?"

ಆಗಲೇ ಹೆಡ್‌ಲೈಟ್ ಹೊತ್ತಿತು. ಇಂಜಿನ್ ಶಬ್ದ ಇಲ್ಲ. ಕೀ ಅವನ ಕಿಸೆಯಲ್ಲಿ. ಬಿಳೀ ಬೆಳಕು ನೆಟ್ಟಗೆ ಬಿತ್ತು... ಎದುರು ನೆಲವೇ ಇಲ್ಲ! ಮುಂದಿನ ಚಕ್ರದಿಂದ ಒಂದು ಗೇಣು ಆಚೆ ಬಾವಿಯ ಬಾಯಿ. ಯಾ ಅಲ್ಲಾ ಅಂತ ಬ್ರೇಕ್ ಹಿಡಿದ. ಒಂದು ಕಲ್ಲು ಜಾರಿತು. ತುಂಬಾ ಹೊತ್ತಿನ ಮೇಲೆ 'ಗುಳುಂ'. ಲೈಟ್ ಆರಿತು. ಚಪ್ಪಲಿ ಶಬ್ದವೂ ಇಲ್ಲ.

ಮನೆಗೆ ಹೇಗೆ ಬಂದ ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಬೈಕನ್ನು ಅಂಗಳದಲ್ಲಿ ಬಿಟ್ಟು, ಜ್ವರದಲ್ಲಿ ದೊಡ್ಡಮ್ಮನ ಹತ್ತಿರ ಒಂದೇ ಮಾತು, "ಉಮ್ಮಾ, ಅವ ದೂಡಿದ್ದಾ... ಉಳಿಸಿದ್ದಾ?"

ಬೆಳಗ್ಗೆ ನಾನೇ ವಿಮಲಣ್ಣನನ್ನು ಕರ್ಕೊಂಡು ಬಂದೆ. ಅವರು ಸೀಟ್ ಎತ್ತಿ ರೆಗ್ಯುಲೇಟರಿಗೆ ಕೈ ಇಟ್ರು, 'ಸ್ಸ್' ಅಂತ ತೆಗೆದ್ರು. ನಾನೂ ಮುಟ್ಟಿದೆ. ಸುಡ್ತಿತ್ತು! ರಾತ್ರಿಯಿಡೀ ಇಂಜಿನ್ ಓಡದ ಬೈಕ್, ಇಬ್ಬನಿಯಲ್ಲಿ ನಿಂತದ್ದು.

ವಿಮಲಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ್ರು. "ಮೂಡುಬಿದಿರೆಯ ಹುಡುಗ, ಇಬ್ರಾಹಿಂ ಖಲೀಲ್ ಅಂತ. ಹೋದ ವರ್ಷ ಪೆಟ್ರೋಲ್ ಮುಗಿದು ದೂಡಿಕೊಂಡು ಬರುವಾಗ, ಲೈಟಿಲ್ಲದೆ, ಆ ಬಾವಿಗೇ ಬಿದ್ದ. ಬೈಕ್ ದಡದಲ್ಲೇ ಇತ್ತು. ಅದರದ್ದು ಇದು. ಹೇಳಿದ್ರೆ ನೀನು ತೆಗೊಳ್ತಿರ್ಲಿಲ್ಲ... ತಪ್ಪಾಯ್ತು. ಈಗಲೇ ಬಿಚ್ಚಿ ಹೊಸದು ಹಾಕ್ತೇನೆ."

ಅಝೀಮ್ ಆಗಬಹುದು ಅಂತ ತಲೆಯಾಡಿಸಿದ. ಆಸ್ಯಮ್ಮ ದೊಡ್ಡಮ್ಮ ಒಳಗಿನಿಂದ ಬಂದ್ರು. ಕಣ್ಣಲ್ಲಿ ನೀರು.

"ಬಿಚ್ಚಬೇಡಿ. ಅವನಿಗೆ ಸಿಗದ ಬೆಳಕನ್ನು ನನ್ನ ಮಗನಿಗೆ ಕೊಟ್ಟಿದ್ದಾನೆ. ಅವನೂ ಒಬ್ಬಳು ಉಮ್ಮನ ಮಗ. ಬಾಯಿಬಿಟ್ಟು ಕೇಳಿದ್ದಾನೆ, ಬರಿಗೈಯಲ್ಲಿ ಕಳಿಸ್ಬಾರದು."

ಸಂಜೆ ಅರ್ಧ ಲೀಟರ್ ಪೆಟ್ರೋಲ್ ಬಾಟ್ಲಿಗೆ ತುಂಬಿಸಿ, ಅಝೀಮನೂ ನಾನೂ ಆ ಬಾವಿಯ ಬದಿಯಲ್ಲಿ ಇಟ್ಟು ಬಂದೆವು. ದೊಡ್ಡಮ್ಮ ಹೇಳಿಕೊಟ್ಟ ಹಾಗೆ ಅಝೀಮ್ ಖಲೀಲನ ಹೆಸರಿನಲ್ಲಿ ಕೈಯೆತ್ತಿ ದುವಾ ಮಾಡಿದ.

ಆ ರೆಗ್ಯುಲೇಟರ್ ಆಮೇಲೆ ಒಂದು ಬಲ್ಬನ್ನೂ ಸುಡ್ಲಿಲ್ಲ. ಅದು ಬಿಡಿ, ಒರಿಜಿನಲ್ ಅಲ್ವಾ ಅಂತೀರಿ. ಬಾಟ್ಲಿಗೆ ಏನಂತೀರಿ? ಮರುದಿನ ಬೆಳಗ್ಗೆ ನಾವು ಹೋಗಿ ನೋಡಿದ್ರೆ ಇಟ್ಟಲ್ಲೇ ನಿಂತಿತ್ತು, ಮುಚ್ಚಳ ಹಾಕಿದ ಹಾಗೇ ಉಂಟು. ಬಿಗಿ ಮಾಡಿದ್ದು ಈ ಕೈ, ನೋಡಿ. ತೆಗೀಲಿಕ್ಕೆ ಇಕ್ಕಳ ಬೇಕಾಯ್ತು. ಒಳಗೆ ಒಂದು ಹನಿ ಇರ್ಲಿಲ್ಲ... ಪೆಟ್ರೋಲಿನ ವಾಸನೆಯೂ ಇರ್ಲಿಲ್ಲ.