ಸವತಿಯ ರಿಪೇರಿ

ಅಯ್ಯೋ, ಕೈ ಇಡಬೇಡಮ್ಮ ಅಲ್ಲಿ! ಸುಡಲ್ಲ, ಎಂಜಿನ್ ತಣ್ಣಗಾಗಿದೆ... ಆದ್ರೂ ಬೇಡ, ಎಲ್ಲ ಗ್ರೀಸು. ನೀನು ಆ ಸ್ಟೂಲ್ ಮೇಲೆ ಕೂತ್ಕೊಂಡು ಟಾರ್ಚ್ ಹಿಡಿ ಸಾಕು. ಹಾಂ, ಹಾಗೆ. ಸ್ವಲ್ಪ ಕೆಳಗೆ. ನನ್ನ ಮುಖಕ್ಕಲ್ಲ, ಎಂಜಿನ್‌ಗೆ ಬಿಡು!

ಯಾಕೆ ನಗ್ತೀಯ? ಅಪ್ಪನ ಥರಾನೇ ಬೈದೆ ಅಂತ ತಾನೆ? ಮೆಕ್ಯಾನಿಕ್ ಮಗಳು ಮೆಕ್ಯಾನಿಕ್ ಥರ ಬೈಯದೆ ಇನ್ನು ಹೇಗೆ ಬೈತಾಳೆ... ಓ, ಅಳ್ತಿದ್ದೀಯಾ. ಕತ್ತಲಲ್ಲಿ ಗೊತ್ತಾಗ್ಲಿಲ್ಲ. ಈ ಶೆಡ್‌ಗೆ ಹಗಲಲ್ಲೂ ಬೆಳಕು ಬರಲ್ಲ.

ನೋಡು, ಇದೇ ಅದು. ಹೆಬ್ಬೆರಳಿನಷ್ಟೂ ಇಲ್ಲ. ಟೆಂಪರೇಚರ್ ಸೆನ್ಸರ್. ಎಂಜಿನ್ ಒಳಗೆ ಓಡಾಡೋ ನೀರು ಎಷ್ಟು ಬಿಸಿಯಾಗಿದೆ ಅಂತ ಇದು ಹೇಳ್ಬೇಕು. ಹೇಳಿದ್ರೆ ಮುಂದೆ ಮೀಟರಲ್ಲಿ ಮುಳ್ಳು ಏಳುತ್ತೆ, ಫ್ಯಾನ್ ತಿರುಗುತ್ತೆ. ಬಾಯಿ ಮುಚ್ಕೊಂಡು ಕೂತ್ರೆ... ಹೇಳಿದ್ನಲ್ಲ, ಎಷ್ಟು ಸಲ ಹೇಳ್ಲಿ? ಆವತ್ತು ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ವಾಗ ಮುಳ್ಳು ಏಳ್ಲೇ ಇಲ್ಲ. ತಣ್ಣಗಿದೆ ಅಂತಾನೇ ತೋರಿಸ್ತಿತ್ತು. ಆಮೇಲೆ ಬಾನೆಟ್ ಸಂದಿಯಿಂದ ಬುಸ್ ಅಂತ ಹಬೆ. ಗಾಡಿ ನಿಂತೋಯ್ತು. ಆಸ್ಪತ್ರೆ ಇನ್ನೂ ಅಷ್ಟು ದೂರ ಇತ್ತು. ಅಷ್ಟರಲ್ಲಿ ಅಪ್ಪ... ಅಷ್ಟೇ. ಅಷ್ಟೇ ಅಮ್ಮ, ಬೇರೆ ಏನೂ ಇಲ್ಲ.

ಮತ್ತೆ ಅದನ್ನೇ ಶುರು ಮಾಡ್ಬೇಡ! ನೀನು ಸ್ಪ್ಯಾನರ್ ಬಚ್ಚಿಟ್ಟಿದ್ದಕ್ಕೂ ಇದಕ್ಕೂ ಏನು ಸಂಬಂಧ? ಡಯಾಲಿಸಿಸ್ ಮಾಡಿಸ್ಕೊಂಡು ಬಂದ ಮನುಷ್ಯ ಸೀದಾ ಹೋಗಿ ಗಾಡಿ ಕೆಳಗೆ ತೂರ್ಕೊಂಡ್ರೆ ಯಾವ ಹೆಂಡ್ತಿ ಸುಮ್ನಿರ್ತಾಳೆ? 'ನಾನೊಬ್ಳು ಸಾಲ್ದು ಅಂತ ಈ ಸವತಿ ಬೇರೆ' ಅಂತ ನೀನು ಕಿರುಚಾಡಿದೆ, ಸ್ಪ್ಯಾನರ್ ಕಿತ್ಕೊಂಡೆ. ಅಪ್ಪ ನಕ್ರು. ಬೇಜಾರು ಮಾಡ್ಕೊಳ್ಲಿಲ್ಲ, ನಕ್ರು! ನೀನು ಮಾತ್ರ ಅದನ್ನೇ ಹಿಡ್ಕೊಂಡು... ಸ್ಪ್ಯಾನರ್ ಕೈಲಿದ್ದಿದ್ರೆ ಅವ್ರು ಇದನ್ನ ಬದಲಾಯಿಸ್ತಿದ್ರು, ಬದಲಾಯಿಸಿದ್ರೆ ಗಾಡಿ ನಿಲ್ತಿರ್ಲಿಲ್ಲ, ನಿಲ್ಲದಿದ್ರೆ ಬದುಕ್ತಿದ್ರು... ಸಾಕಮ್ಮ. ಆವತ್ತಿಂದ ನೆಟ್ಟಗೆ ಒಂದು ತುತ್ತು ತಿಂದಿಲ್ಲ ನೀನು. ಕನ್ನಡಿ ನೋಡ್ಕೊಂಡಿದ್ದೀಯಾ?

ಅದಕ್ಕೇ ಹೊಸದು ತಂದಿರೋದು. ಹಾಕ್ತೀನಿ, ಇಬ್ರೂ ಒಂದು ಸುತ್ತು ಹೋಗ್ಬರೋಣ, ಅಲ್ಲಿಗೆ ಮುಗೀತು.

ಹಿಂದೆ ಸರಿ, ನೀರು ಚೆಲ್ಲುತ್ತೆ. ಬಂತು... ಬಂತು ನೋಡು! ತಕ್ಷಣ ತೂತಿಗೆ ಬೆರಳು ಒತ್ಬೇಕು, ಅಪ್ಪ ಹೇಳ್ಕೊಟ್ಟಿದ್ದು. ತಗೋ, ಈ ಹಳೇದನ್ನ ಕಸದ ಡಬ್ಬಕ್ಕೆ ಹಾಕ್ಬಿಡು. ಏನು ಹಾಗೆ ತಿರುಗ್ಸಿ ಮುರುಗ್ಸಿ ನೋಡ್ತೀಯ? ಅದೇನು ಬಂಗಾರಾನಾ? ಕೆಟ್ಟಿರೋದನ್ನ ಇಟ್ಕೊಂಡು ಏನು ಮಾಡ್ತೀಯ... ಎಸಿ ಅಂದೆ!

ಸರಿ ಸರಿ, ಕೂಗಲ್ಲ.

ಹೊಸದಕ್ಕೆ ವಾಷರ್ ಹಾಕಿ... ಮೆಲ್ಲಗೆ ತಿರುಗಿಸ್ಬೇಕು, ಜಾಸ್ತಿ ಬಿಗಿದ್ರೆ ಥ್ರೆಡ್ ಹೋಗುತ್ತೆ. ಟಾರ್ಚ್ ಈ ಕಡೆ ತೋರ್ಸು. ಅಮ್ಮಾ? ಎದ್ದು ಎಲ್ಲಿಗೆ ಹೋದೆ? ಅಡುಗೆಮನೇಲಿ ಟೀ ಇಡ್ತಿದ್ದೀಯಾ? ನಂಗೆ ಸಕ್ಕರೆ ಕಮ್ಮಿ ಹಾಕು!... ಕೇಳಿಸ್ತಾ? ಅದನ್ನ ಎಸೆದ್ಯಾ?

ಡಬ್ಬದಲ್ಲಿ ಇಲ್ವಲ್ಲ. ಇಲ್ಲಿ ಮೊಳೆಗೆ ನೇತಾಕಿದ್ದ ಅಪ್ಪನ ಟೆಸ್ಟಿಂಗ್ ಮೀಟರ್ ಎಲ್ಲಿ?... ಅಮ್ಮಾ! ತಡಿ, ಬಂದೆ.

ಇದೇನಿದು... ಹಾಲಿನ ಪಾತ್ರೇಲಿ? ಹಾಲಿನ ಪಾತ್ರೇಲಿ ನೀರು ಕಾಯಿಸಿ, ಅದರೊಳಗೆ ಸೆನ್ಸರ್ ಇಳಿಬಿಟ್ಟು... ಕೆಂಪು ವೈರು, ಕಪ್ಪು ವೈರು, ಎಲ್ಲ ಸರಿಯಾಗೇ ಸಿಕ್ಕಿಸಿದ್ದೀಯ. ಯಾರು ಹೇಳ್ಕೊಟ್ರು ನಿಂಗೆ?... ಯಾರು ಹೇಳ್ಕೊಡ್ಬೇಕು, ಮದುವೆಯಾದಾಗಿಂದ ನೋಡಿದ್ದೀಯ. ಅಪ್ಪ ಊರವರ ಗಾಡೀದೆಲ್ಲ ತಂದು ನಿನ್ನ ಒಲೆ ಮೇಲೆ ಇಡ್ತಿದ್ರು. ನೀರು ಕಾದ ಹಾಗೆ ಮೀಟರಲ್ಲಿ ನಂಬರ್ ಇಳಿದ್ರೆ ಸೆನ್ಸರ್ ಬದುಕಿದೆ, ಅಲ್ಲಾಡದೆ ನಿಂತ್ರೆ ಸತ್ತಿದೆ ಅಂತ. ನೀನು 'ನನ್ನ ಹಾಲಿನ ಪಾತ್ರೆ ಹಾಳು ಮಾಡಿದ್ರಿ' ಅಂತ ಬೀದಿಗೆಲ್ಲ ಕೇಳೋ ಹಾಗೆ ಬೈತಿದ್ದೆ.

ಒಲೆ ಆರ್ಸಮ್ಮ. ಆ ಮೀಟರ್ ನಂಬಕ್ಕಾಗಲ್ಲ, ಬ್ಯಾಟರಿ ಹೋಗಿದೆ. ಇವೆಲ್ಲ ಹೀಗೇ, ಒಂದೊಂದು ಸಲ ಸರಿಯಾಗಿರುತ್ತೆ, ಬೇಕಾದಾಗ ಕೈ ಕೊಡುತ್ತೆ. ವೈರ್ ಲೂಸ್ ಇದ್ರೂ ಹಾಗೇ... ಅದನ್ನ ನೋಡ್ಬೇಡ. ನನ್ನ ನೋಡು. ಬೇಡ, ನನ್ನನ್ನೂ ನೋಡ್ಬೇಡ.

ಹೂಂ. ನಂಬರ್ ಇಳೀತಿದೆ. ಕಾಣ್ತಿದೆ ನಂಗೂ. ಇಳೀತಾನೇ ಇದೆ.

ಏನಾದ್ರೂ ಅನ್ನಮ್ಮ...

ಆವತ್ತು ಮುಳ್ಳು ಸರಿಯಾಗೇ ಇತ್ತು. ಎಲ್ಲಿರ್ಬೇಕೋ ಅಲ್ಲೇ ಇತ್ತು. ಹಬೆ ಗಿಬೆ ಏನೂ ಬರ್ಲಿಲ್ಲ. ಗಾಡಿ ನಿಲ್ಲಲಿಲ್ಲ ಅಮ್ಮ, ನಾನು ನಿಲ್ಲಿಸ್ದೆ. ಅಪ್ಪ ನಿಲ್ಸು ಅಂದ್ರು. ಉಸಿರು ಸಿಕ್ತಿರ್ಲಿಲ್ಲ, ಆದ್ರೂ ಸ್ಟೀರಿಂಗ್ ಹಿಡ್ಕೊಂಡ್ಬಿಟ್ರು. 'ಸಾಕು ಮಗಳೇ, ಇನ್ನು ಆ ಸೂಜಿ ಚುಚ್ಚಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ' ಅಂದ್ರು. ನಾನು ಬೇಡ್ಕೊಂಡೆ, ಅತ್ತುಬಿಟ್ಟೆ, ಗೇರ್ ಹಾಕಿದೆ... ನನ್ನ ಕೈ ಮೇಲೆ ಕೈ ಇಟ್ರು. 'ಎಂಜಿನ್ ಆರಿಸ್ಬೇಡ, ಕೇಳ್ತಿರ್ಲಿ. ಚೆನ್ನಾಗಿ ಓಡ್ತಿದೆ ನೋಡು' ಅಂದ್ರು. ಆಮೇಲೆ... 'ನಿಮ್ಮಮ್ಮಂಗೆ ಹೇಳ್ಬೇಡ. ನಾನು ಸಾಕಾಗಿ ಬಿಟ್ಟು ಹೋದೆ ಅಂದ್ರೆ ತಡ್ಕೊಳ್ಳಲ್ಲ ಅವಳು. ಗಾಡಿ ಕೈ ಕೊಡ್ತು ಅನ್ನು. ಹೇಗೂ ಸವತಿ ತಾನೆ, ಬೈಕೊಂಡಿರ್ಲಿ.'

ನೀನು ಗಾಡೀನ ಬೈಕೊಂಡಿರ್ತೀಯ ಅಂದ್ಕೊಂಡ್ವಿ. ನಿನ್ನನ್ನೇ ಬೈಕೊಳ್ತೀಯ ಅಂತ ಅವ್ರಿಗೂ ಗೊತ್ತಿರ್ಲಿಲ್ಲ, ನಂಗೂ ಹೊಳೀಲಿಲ್ಲ.

ಅಮ್ಮ... ನೀರೆಲ್ಲ ಬತ್ತಿ ಹೋಗ್ತಿದೆ. ತಳ ಸುಡುತ್ತೆ. ಮಾತಾಡು. ಅವ್ರನ್ನ ಬೈ. ನನ್ನ ಬೈ. ಪಾತ್ರೆ ಹಾಳಾಯ್ತು ಅಂತಾದ್ರೂ ಬೈಯಮ್ಮ...