ಮೋಡದಮ್ಮ ಅಳೆದ ಹೂಳು

ಹಿರಿಯರೇ, ನಿರ್ದೇಶಕರೇ, ನಮ್ಮ ವಿಭಾಗದ ಗೆಳೆಯರೇ — ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮನ್ನಗಲಿದ ಮೇಡಂ ಅವರ ಯಜಮಾನರೇ, ಮಗಳೇ, ತಂದೆಯವರೇ — ಎಲ್ಲರಿಗೂ ನಮಸ್ಕಾರ.

ನಾಲ್ಕು ಒಳ್ಳೆಯ ಮಾತಾಡಿ ಇಳಿದುಬಿಡು ಎಂದು ಹೇಳಿಯೇ ನನ್ನನ್ನು ಇಲ್ಲಿಗೆ ಹತ್ತಿಸಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಆಫೀಸಿನಲ್ಲಿ ನಾವು ಅವರನ್ನು ಮೋಡದಮ್ಮ ಎನ್ನುತ್ತಿದ್ದೆವು. ಉಪಗ್ರಹ ನಮ್ಮ ಜಲಾಶಯದ ಮೇಲೆ ಹಾದುಹೋಗುವ ದಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ — ಹೀಗೆ — ಚಿತ್ರಕ್ಕೆ ಅಡ್ಡ ಬಂದ ಮೋಡಗಳಿಗೆ ಬೈಯುತ್ತಿದ್ದರು. "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ರಿ? ಇವತ್ತೇ ಬರಬೇಕಿತ್ತಾ?" ರಜೆ ಮುಗಿಸಿ ಆಗತಾನೇ ಒಳಗೆ ಬಂದ ಲೆಕ್ಕಿಗರು ತಮಗೇ ಅಂದುಕೊಂಡು, "ಮನೇಲಿ ಹುಷಾರಿರಲಿಲ್ಲ ಮೇಡಂ" ಎಂದು ಕೈಮುಗಿದಿದ್ದರು.

ಅವರು ಮಾಡುತ್ತಿದ್ದುದು ಅರ್ಥವಾಗದ ಕೆಲಸವೇನಲ್ಲ. ಜಲಾಶಯದ ಮಟ್ಟ ಇಳಿದಂತೆಲ್ಲ ನೀರು ಎಷ್ಟು ಅಗಲಕ್ಕೆ ಹರಡಿದೆ ಎಂದು ಉಪಗ್ರಹದ ಚಿತ್ರದಲ್ಲಿ ಅಳೆಯುವುದು. ಅಣೆಕಟ್ಟು ಕಟ್ಟಿದಾಗ ಅದೇ ಮಟ್ಟಕ್ಕೆ ಎಷ್ಟು ಹರಡುತ್ತಿತ್ತು ಎಂದು ಹೋಲಿಸುವುದು. ಕಡಿಮೆಯಾದ ಜಾಗವನ್ನೆಲ್ಲ ನುಂಗಿರುವುದು ಹೂಳು. ಮೂರರಲ್ಲಿ ಒಂದು ಪಾಲು ಹೂಳೇ ತುಂಬಿದೆ ಎಂದು ಅವರ ಲೆಕ್ಕ ಹೇಳಿತು. ಅಂದರೆ ಇಲ್ಲದ ನೀರನ್ನು ಇದೆ ಎಂದುಕೊಂಡು ನಾವು ಊರಿಗೆ ಹಂಚುತ್ತಿದ್ದೆವು.

ವರದಿ ಕೊಟ್ಟ ದಿನ ಒಬ್ಬ ದೊಡ್ಡ ಅಧಿಕಾರಿ ನಕ್ಕರು. "ಅಲ್ಲಮ್ಮಾ, ಆಕಾಶದಿಂದ ನೀರಿನ ತಳದ ಕೆಸರು ಕಾಣುತ್ತಾ?"

"ಕೆಸರು ಕಾಣಲ್ಲ ಸರ್, ನೀರು ಕಾಣುತ್ತೆ. ನೀರಿರಬೇಕಾದ ಕಡೆ ನೀರಿಲ್ಲ ಅಂದ್ರೆ ಅಲ್ಲೇನಿದೆ? ನೀವೇ ಹೇಳಿ."

ಅವರು ಒಂದು ಸಮಿತಿ ಮಾಡಿದರು. ಸಮಿತಿಯು ದೋಣಿಯಲ್ಲಿ ಹೋಗಿ ಅಳೆಯಬೇಕು ಎಂದಿತು. ದೋಣಿಯ ಎಂಜಿನ್ ಕೆಟ್ಟಿತ್ತು. ಎಂಜಿನ್ ರಿಪೇರಿಗೆ ಇನ್ನೊಂದು ಸಮಿತಿ — ನಗಬೇಡಿ. ಅದು ಇನ್ನೂ ಇದೆ.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಆ ಅಣೆಕಟ್ಟು ಕಟ್ಟಿದ ಎಂಜಿನಿಯರ್ ಅವರ ತಂದೆಯೇ. "ನಾನು ಕಟ್ಟಿದ್ದರ ಮೇಲೆ ನೀನೇ ಕೆಸರು ಎರಚ್ತೀಯಾ?" ಎಂದು ಮಗಳ ಜೊತೆ ಮಾತು ಬಿಟ್ಟರು. ಅಪ್ಪಾಜಿ, ತಲೆ ತಗ್ಗಿಸಬೇಡಿ — ಮುಂದಿನದನ್ನೂ ಹೇಳುತ್ತೇನೆ.

ಹೋದ ಬೇಸಿಗೆಯಲ್ಲಿ ಮೋಡದಮ್ಮ ಅಪ್ಪಾಜಿಯನ್ನು ಬಲವಂತವಾಗಿ ಜೀಪು ಹತ್ತಿಸಿದರು. ನಾನೂ ಜೊತೆಗಿದ್ದೆ. ಹಳೆಯ ನಕ್ಷೆಯ ಪ್ರಕಾರ ಆಳದ ನೀರಿರಬೇಕಾದ ಕಡೆ ಹುಲ್ಲು ಬೆಳೆದಿತ್ತು. ಅಪ್ಪಾಜಿ ಕೋಲೂರಿಕೊಂಡು ನಡುವಿನವರೆಗೆ ನಡೆದರು. ದೂರದಲ್ಲಿ ನೀರಿನ ಮಟ್ಟ ತೋರಿಸುವ ಕಂಬವನ್ನು ನೋಡಿದರು, ಕಾಲ ಕೆಳಗಿನ ನೆಲ ನೋಡಿದರು. "ಈ ಮಟ್ಟಕ್ಕೆ ನಾನಿಲ್ಲಿ ಮುಳುಗಿಹೋಗಿರಬೇಕಿತ್ತಲ್ಲೇ!"

"ಅದನ್ನೇ ಅಪ್ಪಾ ನಾನು ಬಡ್ಕೊಳ್ತಿರೋದು" ಎಂದು ಮಗಳು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟರು.

ಮರುವಾರ ಅಪ್ಪಾಜಿ ನಮ್ಮ ಸಭೆಗೇ ಬಂದರು. "ಯಾವ ಮಟ್ಟಕ್ಕೆ ಎಷ್ಟು ನೀರು ಅಂತ ನೀವು ನೋಡ್ತೀರಲ್ಲ, ಆ ಕೋಷ್ಟಕ ಮಾಡಿದ್ದು ನಾನು. ಅದೀಗ ಸುಳ್ಳು. ಕಿತ್ತುಹಾಕಿ." ಅವರಿಗೆ ಹೂಗುಚ್ಛ ಕೊಟ್ಟೆವು. ಚಹಾ ಕುಡಿಸಿದೆವು. ಕಾರಿನವರೆಗೆ ಬಂದು ಬೀಳ್ಕೊಟ್ಟೆವು. ಕೋಷ್ಟಕ ಮಾತ್ರ ಇವತ್ತು ಬೆಳಿಗ್ಗೆಯೂ ಅದೇ ಗೋಡೆಯ ಮೇಲಿತ್ತು. ನಾನು ನೋಡಿಯೇ ಬಂದೆ.

ಈ ಬೇಸಿಗೆ ನಲ್ಲಿಗಳು ಒಣಗಿದವು. ಅಷ್ಟರಲ್ಲಿ ಮೋಡದಮ್ಮ ಮೂತ್ರಪಿಂಡ ಕೈಕೊಟ್ಟು ಆಸ್ಪತ್ರೆ ಸೇರಿದ್ದರು. ನಾನು ನೋಡಲು ಹೋದಾಗ ಆಯಾ ಖಾಲಿ ಬಕೆಟ್ ಹಿಡಿದು ಗೊಣಗುತ್ತಿದ್ದಳು. "ಡ್ಯಾಮಲ್ಲಿ ಬೇಕಾದಷ್ಟು ನೀರಿದೆ ಅಂತಾರೆ, ಇಲ್ಲಿಗೆ ಬರೋಕೇನು ರೋಗ?"

ಮೋಡದಮ್ಮ ನನ್ನ ಕಡೆ ತಿರುಗಿದರು. "ಕೇಳಿದ್ರಾ? ಇವಳಿಗಾದ್ರೂ ನಿಜ ಹೇಳಿ."

ಅವರು ನನಗೆ ಹೇಳಿದ ಕೊನೆಯ ಮಾತು ಅದು. ಒಳ್ಳೆಯ ಮಾತು ನನ್ನ ಬಾಯಿಗೆ ಬರುತ್ತಿಲ್ಲ, ಕ್ಷಮಿಸಿ. ಅವರ ದುಡಿಮೆ ಅವಿರತ ಎಂದು ಹೊರಗಿನ ಬ್ಯಾನರಿನಲ್ಲಿ ಬರೆಸಿದ್ದೇವೆ. ಆ ದುಡಿಮೆಯ ಒಂದು ಸಾಲನ್ನಾದರೂ ನಾವು ಒಪ್ಪಿದೆವೇ?

ಸೋಮವಾರ ನೀರು ಹಂಚುವ ಸಭೆಯಿದೆ. ಇಲ್ಲಿರುವ ಅರ್ಧ ಜನ ಅಲ್ಲೂ ಇರುತ್ತೀರಿ.

ಈಗ ದಯವಿಟ್ಟು ಎಲ್ಲರೂ ಏಳಿ. ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲೋಣ. ಈ ಮೌನ ಅವರೊಬ್ಬರಿಗೆ — ಸೋಮವಾರಕ್ಕೆ ಇದನ್ನು ಯಾರೂ ಹೊತ್ತುಕೊಂಡು ಹೋಗಬೇಡಿ.