ಧಾರೆಗೆ ಮುಟ್ಟದ ವಿಮಾನ

ನೀಲಾವತಿ ಬೇಕೆಂದು ಆ ಮಾತು ಕೇಳಿಸಿಕೊಂಡದ್ದಲ್ಲ; ಬಸ್ಸಿಗೆ ಕಾಯುವವರ ಕಿವಿಗೆ ಬಾಗಿಲು ಇರುವುದಿಲ್ಲ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಅವಳ ಬೆನ್ನಿಗೇ ಬಂದು ನಿಂತವರು ಅಣ್ಣತಮ್ಮಂದಿರು. ಹೊಸ ಕೋಟಿನವನು ಬೊಂಬಾಯಿಯಲ್ಲಿ ಹೋಟೆಲು ಇಟ್ಟ ಮುಂಡಪ್ಪ. ಅವನನ್ನು ಕರೆದೊಯ್ಯಲು ಮದುವೆಮನೆಯಿಂದ ಬಂದವನು ತಮ್ಮ ಚಿನ್ನಯ್ಯ.

“ಧಾರೆ ಯಾರು ಎರೆದದ್ದು?”

“ನಾನೇ, ಅಣ್ಣ. ದೊಡ್ಡ ಸೋದರಮಾವ ನೀವಿರುವಾಗ ನಾನು ಎರೆಯುವುದಾ ಅಂತ ಮೊದಲು ಹಿಂದೆ ಸರಿದೆ. ಆದರೆ ಮುಹೂರ್ತ ಕಾಯ್ತದಾ?”

“ಆ ವಿಮಾನದವರಿಂದ ಆದದ್ದು ಮಾರಾಯ. ಈಗ ಹೊರಡ್ತದೆ, ಈಗ ಹೊರಡ್ತದೆ ಅಂತ ಕೂರಿಸಿಯೇ ಇಟ್ಟರು. ಅಕ್ಕನ ಮಗಳ ಧಾರೆ ಉಂಟು ಅಂದರೆ ಕೌಂಟರಿನವ ತಲೆ ಎತ್ತಿ ನೋಡಲಿಲ್ಲ. ತಪ್ಪಾಯಿತು ಅಂತ ಒಂದು ಮಾತು ಬೇಡವಾ?”

“ಯಾವಾಗಿನ ಹಾಗೆ ಹಡಗಿನಲ್ಲಿ ಬಂದಿದ್ದರೆ ಮೊನ್ನೆಯೇ ಮುಟ್ಟುತ್ತಿದ್ದಿರಿ.”

ಮುಂಡಪ್ಪ ಕೋಟಿನ ಗುಂಡಿ ತಿರುವಿದ.

“ಹಡಗಿನ ಟಿಕೆಟ್ ಸಿಗ್ತಿತ್ತು. ನಾನೇ ಬೇಡ ಅಂದೆ. ಮದುಮಗಳ ಮಾವ ವಿಮಾನದಲ್ಲಿ ಬಂದಿಳಿದ ಅಂತ ಚಪ್ಪರದಲ್ಲಿ ನಾಲ್ಕು ಜನ ಹೇಳಲಿ ಅಂತ.”

ಚಿನ್ನಯ್ಯ ರಸ್ತೆಯ ಕಡೆ ನೋಡಿದ.

“ಕುಸುಮ ನನ್ನನ್ನು ಕೇಳಿದಳಾ?”

“ಕೇಳಲಿಲ್ಲ. ಧಾರೆಯ ನೀರು ಕೈಮೇಲೆ ಬೀಳುವವರೆಗೂ ದಾರಿಯನ್ನೇ ನೋಡ್ತಾ ಇದ್ದಳು.”

“ಅಕ್ಕ ಬೈದಳಾ?”

“ಇಲ್ಲ.”

ಮದುವೆಮನೆಯ ಕಡೆ ಹೋಗುವ ಶಿರ್ತಾಡಿಯ ಬಸ್ಸು ಬಂತು.

“ಅಕ್ಕನ ಮುಂದೆ ಎಂತ ಹೇಳಲಿ?”

“ಹೇಳುವುದು ಆಮೇಲೆ. ಮೊದಲು ಊಟ ಮಾಡಿ. ಪಂಕ್ತಿ ಎಲ್ಲ ಎದ್ದಾಯಿತು, ನಿಮಗೆ ಹಾಕಿದ ಎಲೆಯೊಂದನ್ನು ಎತ್ತಲಿಕ್ಕೆ ಅಕ್ಕ ಬಿಡಲಿಲ್ಲ.”

ನೀಲಾವತಿ ಆಗ ತಿರುಗಿ ನೋಡಿದಳು. ಮುಂಡಪ್ಪ ಕೋಟು ಬಿಚ್ಚಿ, ಕಾಣದ ಹಾಗೆ ಮುದುಡಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದ.